ಎಂಸಿಬಿಗೆ ಕಾಣದ ದೋಷ: ಮನೆಯ ವೈರಿಂಗ್ ಕೈಕೊಟ್ಟಾಗ ಲಕ್ಷಣ ನೋಡಿ ಹುಡುಕುವ ಬಗೆ

ಮನೆಯಲ್ಲಿ ಒಂದು ಲೈಟ್ ಉರಿಯದಿದ್ದರೆ ನಾವು ಮೊದಲು ಬಲ್ಬ್ ಬದಲಿಸುತ್ತೇವೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಬಿದ್ದಿದ್ದರೆ ಎತ್ತುತ್ತೇವೆ, ಮತ್ತೆ ಬಿದ್ದರೆ ಮತ್ತೆ ಎತ್ತುತ್ತೇವೆ. ಬಲ್ಬ್ ಬದಲಿಸುವುದರಿಂದ ನಷ್ಟವೇನಿಲ್ಲ. ಯಾಕೆ ಬಿತ್ತು ಎಂದು ಯೋಚಿಸದೆ ಎಂಸಿಬಿ ಎತ್ತುತ್ತಲೇ ಇರುವುದು ಮಾತ್ರ ಕೆಟ್ಟ ಚಾಳಿ. ಅದು ಬೀಳುವ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ.

ಕಂಬದಿಂದ ಫೇಸ್ ವೈರಿನಲ್ಲಿ ಬರುವ ಕರೆಂಟ್ ಮೀಟರ್, ಮೇನ್ ಸ್ವಿಚ್, ಎಂಸಿಬಿ, ಗೋಡೆಯ ಸ್ವಿಚ್ ದಾಟಿ ಬಲ್ಬಿನೊಳಗೆ ಹಾಯ್ದು ನ್ಯೂಟ್ರಲ್ ವೈರಿನಲ್ಲಿ ವಾಪಸಾಗಬೇಕು. ಈ ಸುತ್ತು ಪೂರ್ತಿಯಾದರೆ ಅದೇ ಸರ್ಕ್ಯೂಟ್. (ಎಸಿ ಆದ್ದರಿಂದ ದಿಕ್ಕು ಸೆಕೆಂಡಿಗೆ 50 ಸುತ್ತಿನಂತೆ ಅದಲುಬದಲಾಗುತ್ತಿರುತ್ತದೆ. ದೋಷ ಹುಡುಕುವಾಗ ‘ಫೇಸ್‌ನಲ್ಲಿ ಬಂತು, ನ್ಯೂಟ್ರಲ್‌ನಲ್ಲಿ ಹೋಯಿತು’ ಎಂದುಕೊಂಡರೆ ಸಾಕು.) ಎಷ್ಟು ಕರೆಂಟ್ ಹರಿಯಬೇಕೆಂಬುದನ್ನು ದಾರಿಯಲ್ಲಿರುವ ತಡೆ, ಅಂದರೆ ರೆಸಿಸ್ಟೆನ್ಸ್, ನಿರ್ಧರಿಸುತ್ತದೆ. 2000 ವ್ಯಾಟಿನ ಗೀಸರಿನ ಎಲಿಮೆಂಟಿಗೆ ಸುಮಾರು 26 ಓಂ ತಡೆ ಇರುತ್ತದೆ. 230 ವೋಲ್ಟನ್ನು 26ರಿಂದ ಭಾಗಿಸಿದರೆ ಹತ್ತಿರ ಹತ್ತಿರ 9 ಆಂಪಿಯರ್. ಮನೆಯ ದೋಷಗಳಲ್ಲಿ ಮುಕ್ಕಾಲು ಪಾಲು ಅರ್ಥವಾಗಲು ಈ ಒಂದು ಭಾಗಾಕಾರ ಸಾಕು.

ಕೆಡುವ ಬಗೆ ನಾಲ್ಕೇ. ದಾರಿ ಎಲ್ಲೋ ಕಡಿದುಹೋಗಿ ಕರೆಂಟ್ ಹರಿಯದಿರುವುದು ಒಂದು. ಬಲ್ಬ್, ಮೋಟಾರ್ ಯಾವುದನ್ನೂ ಹಾಯದೆ ಫೇಸ್ ನೇರವಾಗಿ ನ್ಯೂಟ್ರಲ್‌ಗೆ ತಾಗಿ ಶಾರ್ಟ್ ಆಗುವುದು ಇನ್ನೊಂದು. ಕರೆಂಟ್ ಸುತ್ತು ಬಿಟ್ಟು ಯಂತ್ರದ ಮೈಗೋ ಗೋಡೆಗೋ ನಿಮ್ಮ ಕೈಗೋ ಸೋರುವುದು ಮೂರನೆಯದು. ನಾಲ್ಕನೆಯದು ಲೂಸ್ ಕಾಂಟ್ಯಾಕ್ಟ್: ದಾರಿ ಕಡಿದಿಲ್ಲ, ಆದರೆ ಒಂದು ಜಾಯಿಂಟಿನಲ್ಲಿ ಹಿಡಿತ ಸಡಿಲ. ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಈ ನಾಲ್ಕನೆಯದಕ್ಕೆ. ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ, ಸೋರಿಕೆ ಆದರೆ ಅದನ್ನು ಹಿಡಿಯಲೆಂದೇ ಇರುವ ಆರ್‌ಸಿಸಿಬಿ ಎಂಬ ಸ್ವಿಚ್ ಬೀಳುತ್ತದೆ. ಲೂಸ್ ಕಾಂಟ್ಯಾಕ್ಟಿಗೆ ಎರಡೂ ಕುರುಡು.

ಕೈ ಹಾಕುವ ಮುನ್ನ

ಮೇನ್ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಮನೆಯ ವೈರುಗಳೆಲ್ಲ ಸತ್ತವು ಎಂದುಕೊಳ್ಳಬೇಡಿ. ಯುಪಿಎಸ್ ಇರುವ ಮನೆಯಲ್ಲಿ ಮೇನ್ ಆಫ್ ಆದ ಮರುಕ್ಷಣವೇ ಬ್ಯಾಟರಿಯಿಂದ 230 ವೋಲ್ಟ್ ಕೆಲವು ವೈರುಗಳಿಗೆ ಬಂದಿರುತ್ತದೆ. ಯುಪಿಎಸ್‌ನ ಸ್ವಿಚ್ಚನ್ನೂ ಆಫ್ ಮಾಡಿ. ಅದರ ಲೈನ್ ಯಾವ ಯಾವ ಪಾಯಿಂಟಿಗೆ ಹೋಗಿದೆ ಎಂದು ಮೊದಲೇ ತಿಳಿದಿಟ್ಟುಕೊಂಡಿರಿ.

ಹತ್ತಿಪ್ಪತ್ತು ರೂಪಾಯಿಯ ಟೆಸ್ಟರ್ ಎಲ್ಲರ ಮನೆಯಲ್ಲೂ ಇದೆ. ಅದರೊಳಗೆ ಒಂದು ನಿಯಾನ್ ದೀಪ, ಜೊತೆಗೆ ಮೆಗಾ ಓಂ ಆಸುಪಾಸಿನ ಒಂದು ರೆಸಿಸ್ಟರ್ ಇರುತ್ತದೆ. ನಿಮ್ಮ ದೇಹದ ಮೂಲಕ ಒಂದು ಮಿಲಿ ಆಂಪಿಯರಿನ ಕಾಲು ಭಾಗಕ್ಕಿಂತ ಕಡಿಮೆ ಕರೆಂಟ್ ಹರಿದು ದೀಪ ಹೊತ್ತುತ್ತದೆ. ಆದ್ದರಿಂದ ಟೆಸ್ಟರ್ ಹೊತ್ತಿತು ಎಂದರೆ ಅಲ್ಲಿ ವೋಲ್ಟೇಜ್ ಇದೆ ಎಂದಷ್ಟೇ ಅರ್ಥ. ಆ ವೈರ್ ಒಂದು ಬಲ್ಬನ್ನಾದರೂ ಉರಿಸುವಷ್ಟು ಕರೆಂಟ್ ಕೊಡುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಹೊತ್ತಲಿಲ್ಲ ಎಂದರೆ ಕರೆಂಟ್ ಇಲ್ಲ ಎಂದೂ ಅಲ್ಲ. ಮರದ ಏಣಿಯ ಮೇಲೆ ನಿಂತು, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹಿಡಿದರೆ ಹಗಲು ಬೆಳಕಿನಲ್ಲಿ ಅದು ಹೊತ್ತಿದ್ದು ಕಾಣದೇ ಹೋಗಬಹುದು. ಅದಕ್ಕೇ ಮೊದಲು ಕರೆಂಟ್ ಇರುವುದು ಗೊತ್ತಿರುವ ಸಾಕೆಟ್ಟಿನಲ್ಲಿ ಟೆಸ್ಟರ್ ಹಿಡಿದು ನೋಡಿ, ಆಮೇಲೆ ಅನುಮಾನದ ಜಾಗ, ಕೊನೆಗೆ ಮತ್ತೆ ಅದೇ ಒಳ್ಳೆಯ ಸಾಕೆಟ್.

ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಆದರೆ ಅದಕ್ಕೂ ಒಂದು ಕುತ್ತು ಇದೆ. ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಚುಚ್ಚಿ ಅಲ್ಲೇ ಬಿಟ್ಟು ಸಾಕೆಟ್ಟಿಗೆ ಹಿಡಿದರೆ ನೀವೇ ಶಾರ್ಟ್ ಮಾಡಿದಂತೆ. ಡಿಜಿಟಲ್ ಮೀಟರಿನ ಒಳ ತಡೆ ತುಂಬ ಹೆಚ್ಚು. ಹಾಗಾಗಿ ಎಲ್ಲಿಗೂ ಸೇರದೆ ಪೈಪಿನೊಳಗೆ ಸುಮ್ಮನೆ ಬಿದ್ದಿರುವ ವೈರೂ ಪಕ್ಕದ ಫೇಸ್ ವೈರಿನ ಪ್ರಭಾವದಿಂದ 60, 80 ವೋಲ್ಟ್ ತೋರಿಸುತ್ತದೆ. ಇಂಥ ವಿಚಿತ್ರ ಸಂಖ್ಯೆ ಕಂಡರೆ ಆ ಸಾಕೆಟ್ಟಿಗೆ ಒಂದು ಹಳೆಯ ಫಿಲಮೆಂಟ್ ಬಲ್ಬಿನ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಎಲೆಕ್ಟ್ರಿಷಿಯನ್‌ಗಳು ಈಗಲೂ ಚೀಲದಲ್ಲಿ ಒಂದು ಹೋಲ್ಡರ್, ಒಂದು ಫಿಲಮೆಂಟ್ ಬಲ್ಬ್ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು, ಚೂರು ಕರೆಂಟ್ ಸಿಕ್ಕರೂ ಅದು ಮಿಣುಕುತ್ತದೆ.

ವೈರಿನ ಬಣ್ಣ ನಂಬಬೇಡಿ. ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ (ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ವೈರ್) ಎಂಬುದು ರೂಢಿ. ಕಟ್ಟುವಾಗ ಕಪ್ಪು ವೈರ್ ಮುಗಿದುಹೋಗಿ ಕೈಗೆ ಸಿಕ್ಕಿದ್ದನ್ನು ಎಳೆದಿರುವ ಮನೆಗಳು ಬೇಕಾದಷ್ಟಿವೆ.

‘ಪಕ್ಕದ ಮನೆಯಲ್ಲಿ ಕರೆಂಟ್ ಇದೆ, ನಮ್ಮಲ್ಲಿ ಇಲ್ಲ’

ಮೊದಲು ಮೀಟರ್ ನೋಡಿ. ಅದರ ಪರದೆಯಲ್ಲಿ ಅಂಕಿ ಕಾಣದೆ ಪೂರ್ತಿ ಕಪ್ಪಾಗಿದ್ದರೆ ಹೆಚ್ಚಾಗಿ ಕರೆಂಟ್ ಮೀಟರ್‌ವರೆಗೇ ಬಂದಿಲ್ಲ: ಕಂಬದ ಮೇಲಿನ ಜಂಪರ್ (ಜೋಡಣೆಯ ತುಂಡು ತಂತಿ) ಹೋಗಿರಬಹುದು, ಸರ್ವೀಸ್ ವೈರ್ ಕಡಿದಿರಬಹುದು. ಅಲ್ಲಿ ನಿಮ್ಮ ಕೆಲಸ ಮುಗಿಯಿತು. ಮೀಟರಿನ ಸೀಲ್ ಮುಟ್ಟಬಾರದು, ಕಂಬ ಹತ್ತಬಾರದು. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಮೀಟರಿನಲ್ಲಿ ಅಂಕಿ ಕಾಣುತ್ತಿದ್ದರೆ ಮೇನ್ ಸ್ವಿಚ್, ಆರ್‌ಸಿಸಿಬಿ ನೋಡಿ. ಬಿದ್ದ ಎಂಸಿಬಿಯ ಹಿಡಿ ಕೆಲವು ಸಲ ಪೂರ್ತಿ ಕೆಳಗಿಳಿಯದೆ ನಡುವೆ ನಿಂತಿರುತ್ತದೆ. ದೂರದಿಂದ ಮೇಲಿದ್ದಂತೆಯೇ ಕಾಣುತ್ತದೆ. ಒಮ್ಮೆ ಪೂರ್ತಿ ಕೆಳಗೊತ್ತಿ ಆಮೇಲೆ ಎತ್ತಬೇಕು. ಹಳೆಯ ಮನೆಯಾದರೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇರುತ್ತದೆ. ಮೇನ್ ಆಫ್ ಮಾಡಿ ಅದನ್ನು ಕಿತ್ತು ಒಳಗಿನ ತಂತಿ ಕರಗಿದೆಯೇ ನೋಡಿ. ಮತ್ತೆ ಕಟ್ಟುವಾಗ ಅದೇ ಅಳತೆಯ ಫ್ಯೂಸ್ ವೈರೇ ಬೇಕು. ಎಲೆಕ್ಟ್ರಿಕ್ ವೈರಿನ ಎರಡು ಮೂರು ಎಳೆ ಸುತ್ತಿದರೆ ಮುಂದಿನ ಸಲ ಫ್ಯೂಸ್ ಉಳಿದು ಗೋಡೆಯೊಳಗಿನ ವೈರ್ ಕರಗುತ್ತದೆ.

ಇನ್ನೊಂದು ಲಕ್ಷಣ ಜನರನ್ನು ತುಂಬ ಗೊಂದಲಕ್ಕೆ ಕೆಡವುತ್ತದೆ. ಏನೂ ಉರಿಯುತ್ತಿಲ್ಲ, ಆದರೆ ಟೆಸ್ಟರ್ ಸಾಕೆಟ್ಟಿನ ಎರಡು ತೂತಿನಲ್ಲೂ ಹೊತ್ತುತ್ತದೆ. ‘ಎರಡು ಫೇಸ್ ಬಂದುಬಿಟ್ಟಿದೆ’ ಎನ್ನುತ್ತಾರೆ. ಹಾಗಲ್ಲ, ಮನೆಯ ನ್ಯೂಟ್ರಲ್ ಎಲ್ಲೋ ಕಡಿದಿದೆ. ಫೇಸ್ ಬಲ್ಬಿನೊಳಗೆ ಹಾಯ್ದು ನ್ಯೂಟ್ರಲ್ ವೈರಿಗೆ ಬಂದು, ಮುಂದೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿರುತ್ತದೆ. ಖಚಿತ ಮಾಡಿಕೊಳ್ಳಲು ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್‌ಗಳನ್ನು ತೆಗೆದು, ನ್ಯೂಟ್ರಲ್ ತೂತಿಗೆ ಟೆಸ್ಟರ್ ಹಿಡಿಯಿರಿ. ಈಗ ಹೊತ್ತುವುದಿಲ್ಲ. ಒಂದು ಫಿಲಮೆಂಟ್ ಬಲ್ಬಿನ ಸ್ವಿಚ್ ಹಾಕಿದ ಕೂಡಲೇ ಹೊತ್ತುತ್ತದೆ. ಇದು ಕಂಡರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಎಂಸಿಬಿಗಳನ್ನು ಕೂರಿಸಿರುವ ಡಿಬಿ ಪೆಟ್ಟಿಗೆಯ ನ್ಯೂಟ್ರಲ್ ಪಟ್ಟಿಯ ಒಂದು ಸ್ಕ್ರೂ ಸಡಿಲವಾಗಿದ್ದರೆ ಐದು ನಿಮಿಷದ ಕೆಲಸ. ಅಲ್ಲಿಯತನಕ ಆ ಕಪ್ಪು ವೈರನ್ನು ಫೇಸ್ ಎಂದೇ ತಿಳಿಯಿರಿ, ಮುಟ್ಟಿದರೆ ಅದೇ ಏಟು.

‘ಒಂದೇ ಲೈಟ್ ಬರುತ್ತಿಲ್ಲ’

ಬಲ್ಬನ್ನು ಬೇರೆ ಹೋಲ್ಡರಿಗೆ ಹಾಕಿ ನೋಡಿ. ಅಲ್ಲಿ ಉರಿದರೆ ಇಲ್ಲಿನ ಹೋಲ್ಡರಿನ ಸ್ಪ್ರಿಂಗ್ ಪಿನ್ ಒಳಗೆ ಕೂತಿರಬಹುದು. ಸ್ವಿಚ್ ಒತ್ತುವಾಗ ಟಕ್ ಎನ್ನದೆ ಮೆತ್ತಗಿದ್ದರೆ ಸ್ವಿಚ್ ಹೋಗಿದೆ. ಬೋರ್ಡಿನೊಳಗೆ ಇರುವೆ ಗೂಡು ಕಟ್ಟುವುದು, ಹಲ್ಲಿ ಸಿಕ್ಕಿಕೊಂಡು ಸಾಯುವುದು ನಮ್ಮಲ್ಲಿ ಮಾಮೂಲು. ಅಟ್ಟದ ಮೇಲೆ ಇಲಿ ವೈರ್ ಕಡಿದಿದ್ದರೆ ಒಂದು ಲೈಟಿನ ಜೊತೆ ಅದೇ ಸಾಲಿನ ಇನ್ನೆರಡು ಲೈಟೂ ಹೋಗಿರುತ್ತವೆ.

ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಿಣುಕುತ್ತಿದ್ದರೆ ಕಾರಣ ಎರಡು. ಸ್ವಿಚ್ಚಿನಲ್ಲೇ ಇಂಡಿಕೇಟರ್ ದೀಪ ಇದ್ದರೆ, ಇಲ್ಲವೇ ವೈರುಗಳು ಒಂದೇ ಪೈಪಿನಲ್ಲಿ ಉದ್ದಕ್ಕೆ ಜೊತೆಯಾಗಿ ಹೋಗಿದ್ದರೆ ಅಷ್ಟಿಷ್ಟು ಕರೆಂಟ್ ತಲುಪುತ್ತದೆ. ಇದರಿಂದ ಅಪಾಯವಿಲ್ಲ. ಎರಡನೆಯದು, ಸ್ವಿಚ್ಚನ್ನು ಫೇಸ್‌ಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುವುದು. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಫೇಸ್ ಕಾದು ಕೂತಿರುತ್ತದೆ, ಬಲ್ಬ್ ಬದಲಿಸುವವರಿಗೆ ಹೊಡೆಯುತ್ತದೆ. ಇದನ್ನು ಸರಿ ಮಾಡಿಸಲೇಬೇಕು.

‘ಬೋರ್ಡ್ ಬಿಸಿಯಾಗುತ್ತೆ, ಲೈಟ್ ಮಿನುಗುತ್ತೆ, ಒಂಥರಾ ವಾಸನೆ ಬರುತ್ತೆ’

ಗೀಸರಿನ ಲೆಕ್ಕಕ್ಕೆ ವಾಪಸ್ ಬನ್ನಿ. ಸಾಕೆಟ್ಟಿನ ಹಿಂದಿನ ಸ್ಕ್ರೂ ಸಡಿಲವಾಗಿ ಆ ಜಾಯಿಂಟಿನಲ್ಲಿ ಬರೀ ಅರ್ಧ ಓಂ ತಡೆ ಹುಟ್ಟಿಕೊಂಡಿತು ಎಂದಿಟ್ಟುಕೊಳ್ಳಿ. ಸುತ್ತಿನ ಒಟ್ಟು ತಡೆ ಹೆಚ್ಚಾಯಿತು, ಹಾಗಾಗಿ ಕರೆಂಟ್ 9 ಆಂಪಿಯರಿನ ಬದಲು 8.5ರ ಹತ್ತಿರಕ್ಕೆ ಇಳಿಯಿತು. ಶಾಖದ ಲೆಕ್ಕ ಕರೆಂಟಿನ ವರ್ಗವನ್ನು ತಡೆಯಿಂದ ಗುಣಿಸಿದ್ದು: 8.5 ಗುಣಿಸು 8.5 ಗುಣಿಸು 0.5, ಅಂದರೆ 36 ವ್ಯಾಟ್. ರೇಡಿಯೋ ರಿಪೇರಿಯವರ ಕೈಯಲ್ಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಬಿಸಿಯಾದದ್ದೊಂದು ನಿಮ್ಮ ಪ್ಲಾಸ್ಟಿಕ್ ಬೋರ್ಡಿನೊಳಗೆ ಪ್ರತಿದಿನ ಬೆಳಗ್ಗೆ ಹದಿನೈದು ನಿಮಿಷ ಉರಿಯುತ್ತಿದೆ. ಎಂಸಿಬಿಯ ಕಣ್ಣಿಗೆ ಕಾಣುವುದು ಮಾಮೂಲಿಗಿಂತ ಕಡಿಮೆ ಕರೆಂಟ್, ಅದಕ್ಕೆ ಬೀಳಲು ಕಾರಣವೇ ಇಲ್ಲ. ಫೇಸ್‌ನಲ್ಲಿ ಹೋದದ್ದೆಲ್ಲ ನ್ಯೂಟ್ರಲ್‌ನಲ್ಲಿ ಬಂದಿರುವುದರಿಂದ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಬಿಸಿಯಾದಷ್ಟೂ ಲೋಹದ ಮೇಲೆ ಆಕ್ಸೈಡ್ ಕಟ್ಟುತ್ತದೆ, ಕಟ್ಟಿದಷ್ಟೂ ತಡೆ ಏರುತ್ತದೆ, ತಡೆ ಏರಿದಷ್ಟೂ ಇನ್ನೂ ಬಿಸಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಇದೆಲ್ಲ ಇನ್ನೂ ಬೇಗ ನಡೆಯುತ್ತದೆ.

ಇದನ್ನು ಹಿಡಿಯುವ ಉಪಕರಣ ನಿಮ್ಮ ಮೂಗು ಮತ್ತು ಕೈ. ಬಿಸಿಯಾದ ಸ್ವಿಚ್ ಪ್ಲಾಸ್ಟಿಕ್ ಕೆಲವು ಸಲ ಥೇಟ್ ಮೀನಿನ ವಾಸನೆ ಬಿಡುತ್ತದೆ. ಮೀನು ತರದ ಮನೆಯಲ್ಲಿ ಮೀನಿನ ವಾಸನೆ ಬಂದರೆ ಬೋರ್ಡುಗಳನ್ನು ಒಂದೊಂದಾಗಿ ಮೂಸಿ ನೋಡಿ. ಗೀಸರ್ ಹತ್ತು ನಿಮಿಷ ಓಡಿದ ಮೇಲೆ ಅದನ್ನು ಆಫ್ ಮಾಡಿ, ಒಣಗಿದ ಕೈಯ ಹಿಂಬದಿಯಿಂದ ಪ್ಲಗ್ ಮತ್ತು ಬೋರ್ಡಿನ ಮುಚ್ಚಳ ಮುಟ್ಟಿ. ಹಿಂಬದಿ ಯಾಕೆಂದರೆ, ಶಾಕ್ ಹೊಡೆದರೆ ಬೆರಳು ಮಡಚಿಕೊಳ್ಳುತ್ತವೆ. ಅಂಗೈಯಾದರೆ ಹಿಡಿದದ್ದು ಬಿಡಿಸಿಕೊಳ್ಳಲಾಗುವುದಿಲ್ಲ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಟ್ಟುಕೊಂಡಿರಲು ಆಗದಷ್ಟು ಬಿಸಿ, ಸಾಕೆಟ್ ತೂತಿನ ಸುತ್ತ ಕಂದು ಬಣ್ಣ, ಪ್ಲಗ್ ಪಿನ್ನಿನ ಮೇಲೆ ಕಪ್ಪು ಕಲೆ, ಸ್ವಿಚ್ ಹಾಕಿದಾಗ ಚಿರ್ರ್ ಎಂಬ ಸದ್ದು: ಇವುಗಳಲ್ಲಿ ಒಂದು ಕಂಡರೂ ಆ ಪಾಯಿಂಟಿನ ಎಂಸಿಬಿ ಇಳಿಸಿ, ರಿಪೇರಿ ಆಗುವತನಕ ಬಳಸಬೇಡಿ.

ಮಲ್ಟಿಮೀಟರ್ ಇರುವವರು ಇನ್ನೊಂದು ಪರೀಕ್ಷೆ ಮಾಡಬಹುದು. ಒಂದೇ ಬೋರ್ಡಿನಲ್ಲಿ ಎರಡು ಸಾಕೆಟ್ ಇದ್ದರೆ ಒಂದಕ್ಕೆ 2000 ವ್ಯಾಟಿನ ಲೋಡ್ ಹಾಕಿ, ಇನ್ನೊಂದರಲ್ಲಿ ವೋಲ್ಟೇಜ್ ಅಳೆಯಿರಿ. ಲೋಡ್ ಆಫ್ ಇದ್ದಾಗ ಎಷ್ಟು, ಆನ್ ಆದಾಗ ಎಷ್ಟು? ಡಿಬಿಯಿಂದ 20 ಮೀಟರ್ ದೂರಕ್ಕೆ ಎರಡೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ದಪ್ಪದ ತಾಮ್ರದ ವೈರ್ ಎಳೆದಿದ್ದರೆ, ಹೋಗಿ ಬರುವ 40 ಮೀಟರಿಗೆ ಸುಮಾರು 0.3 ಓಂ. 9 ಆಂಪಿಯರಿಗೆ 3 ವೋಲ್ಟಿನಷ್ಟು ಇಳಿಯುವುದು ಸಹಜ. ಏಳೆಂಟು ವೋಲ್ಟ್ ಇಳಿದರೆ ದಾರಿಯಲ್ಲಿ ಒಂದು ಜಾಯಿಂಟ್ ಸರಿಯಿಲ್ಲ ಎಂದು ಅನುಮಾನಿಸಿ. ಬೇರೆ ರೂಮಿನ ಸಾಕೆಟ್ಟಿನಲ್ಲೂ ಅಷ್ಟೇ ಇಳಿಯುತ್ತಿದ್ದರೆ ದೋಷ ಈ ಬೋರ್ಡಿನದಲ್ಲ, ಮೇನ್‌ನಲ್ಲೋ ಸರ್ವೀಸ್ ವೈರಿನಲ್ಲೋ ಇದೆ. ಲೋಡ್ ಹಾಕಿದ ಸಾಕೆಟ್ಟಿನದೇ ಹಿಡಿತ ಸಡಿಲವಾಗಿದ್ದರೆ ಮಾತ್ರ ಈ ಪರೀಕ್ಷೆಗೆ ಸಿಗದು, ಅದಕ್ಕೆ ಕೈಯಿಂದ ಮುಟ್ಟಿ ನೋಡುವುದೇ ಸರಿ.

ರಿಪೇರಿ ಎಂದರೆ ಸ್ಕ್ರೂ ಬಿಗಿ ಮಾಡುವುದಷ್ಟೇ ಅಲ್ಲ. ಒಮ್ಮೆ ಚೆನ್ನಾಗಿ ಬೆಂದ ವೈರಿನ ತುದಿ ಕಪ್ಪಾಗಿ, ಇನ್ಸುಲೇಶನ್ ಗರಿಗರಿಯಾಗಿರುತ್ತದೆ. ಅದನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಬೇಕು. ಬಿಸಿಯಾದ ಸಾಕೆಟ್ಟಿನ ಹಿತ್ತಾಳೆ ಪತ್ತಿ ತನ್ನ ಬಿಗಿ ಕಳೆದುಕೊಂಡಿರುತ್ತದೆ, ಸಾಕೆಟ್ಟನ್ನೇ ಬದಲಿಸಬೇಕು. ಅಲ್ಯೂಮಿನಿಯಂ ವೈರಿಂಗ್ ಇರುವ ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂಗೆ ನೇರವಾಗಿ ತಾಮ್ರ ಸುತ್ತಿದ ಜಾಯಿಂಟುಗಳನ್ನು ಮೊದಲು ಹುಡುಕಿಸಿ. ಇನ್ನು 6 ಆಂಪಿಯರಿನ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ 16 ಆಂಪಿಯರಿನ ದಪ್ಪ ಪಿನ್ನಿನ ಗೀಸರ್ ಓಡಿಸುವವರಿದ್ದಾರೆ. ಅಂಥ ಕಡೆ ದೋಷ ಹುಡುಕುವ ಕೆಲಸವೇ ಇಲ್ಲ, ಅಡಾಪ್ಟರೇ ದೋಷ.

‘ಎಂಸಿಬಿ ಬೀಳುತ್ತೆ’

ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಗಮನಿಸಿ. ಎಂಸಿಬಿಯೊಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು ತಂತಿ ಸುರುಳಿ: ಕರೆಂಟ್ ಒಮ್ಮೆಲೇ ಹಲವು ಪಟ್ಟು ಏರಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆದು ಬೀಳಿಸುತ್ತದೆ. ಸಿ ವರ್ಗದ 16 ಆಂಪಿಯರ್ ಎಂಸಿಬಿಯಾದರೆ ಈ ಮಿತಿ 80ರಿಂದ 160 ಆಂಪಿಯರಿನ ನಡುವೆ. ಎರಡನೆಯದು ಎರಡು ಲೋಹಗಳ ಪಟ್ಟಿ: ಸ್ವಲ್ಪವೇ ಹೆಚ್ಚಿನ ಕರೆಂಟ್ ಬಹಳ ಹೊತ್ತು ಹರಿದರೆ ಬಿಸಿಯಾಗಿ ಬಾಗಿ ಬೀಳಿಸುತ್ತದೆ. ಅದೇ 16 ಆಂಪಿಯರಿನದು 18 ಆಂಪಿಯರಿಗೆ ಒಂದು ಗಂಟೆಯಾದರೂ ಬೀಳದಿರಬಹುದು, 23 ದಾಟಿದರೆ ಗಂಟೆಯೊಳಗೆ ಬೀಳಲೇಬೇಕು.

ಹಾಗಾಗಿ ಎತ್ತಿದ ತಕ್ಷಣ ಟಪ್ಪೆಂದು ಬಿದ್ದರೆ ಅದು ಶಾರ್ಟ್. ಒಂದು ಸಲ ಮಾತ್ರ ಪ್ರಯತ್ನಿಸಿ: ಆ ಸಾಲಿನ ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆಫ್ ಮಾಡಿ ಎತ್ತಿ. ನಿಂತರೆ ದೋಷ ಯಾವುದೋ ಒಂದು ಉಪಕರಣದ್ದು. ಒಂದೊಂದಾಗಿ ಹಾಕುತ್ತ ಬನ್ನಿ, ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ. ಇಸ್ತ್ರಿ ಪೆಟ್ಟಿಗೆ, ಮಿಕ್ಸಿಯ ವೈರು ಬುಡದಲ್ಲಿ ತಿರುಚಿ ತಿರುಚಿ ಒಳಗೆ ತಾಗಿಕೊಂಡಿರುವುದು ಹೆಚ್ಚು. ಎಲ್ಲ ಕಿತ್ತರೂ ಬಿದ್ದರೆ ದೋಷ ಗೋಡೆಯೊಳಗಿದೆ. ಅಲ್ಲಿಗೆ ನಿಲ್ಲಿಸಿ.

ಹತ್ತಿಪ್ಪತ್ತು ನಿಮಿಷದ ನಂತರ ಬಿದ್ದರೆ ಓವರ್‌ಲೋಡ್. 16 ಆಂಪಿಯರಿಗೆ 230 ಗುಣಿಸಿದರೆ 3680 ವ್ಯಾಟ್. 2000ದ ಗೀಸರ್, 2000ದ ಇಂಡಕ್ಷನ್ ಒಲೆ, 1000ದ ಇಸ್ತ್ರಿ ಒಂದೇ ಸಾಲಿನಲ್ಲಿದ್ದರೆ ಎಂಸಿಬಿ ತನ್ನ ಕೆಲಸವನ್ನೇ ಮಾಡುತ್ತಿದೆ. ಲೋಡ್ ಹಂಚಿ. ‘ದೊಡ್ಡದು ಹಾಕಿಬಿಡಿ’ ಎಂದು 32 ಆಂಪಿಯರಿನದ್ದನ್ನು ಹಾಕಿಸಬೇಡಿ. ಎಂಸಿಬಿ ಇರುವುದು ವೈರನ್ನು ಕಾಯಲು. ಎರಡೂವರೆ ಸ್ಕ್ವೇರ್ ವೈರಿಗೆ 32 ಹಾಕಿದರೆ ವೈರ್ ಬೆಂದ ಮೇಲೂ ಅದು ಎದ್ದೇ ನಿಂತಿರುತ್ತದೆ. ಲೋಡ್ ಕಡಿಮೆ ಇದ್ದೂ ಬೀಳುತ್ತಿದ್ದರೆ, ಎಂಸಿಬಿಯ ಮೈ ಬಿಸಿಯಾಗಿದ್ದರೆ ಅದರದೇ ಸ್ಕ್ರೂ ಸಡಿಲವಾಗಿ ಆ ಶಾಖಕ್ಕೆ ಲೋಹದ ಪಟ್ಟಿ ಬಾಗುತ್ತಿರಬಹುದು. ಲೂಸ್ ಕಾಂಟ್ಯಾಕ್ಟನ್ನು ಎಂಸಿಬಿ ‘ಕಾಣುವ’ ಒಂದೇ ಒಂದು ಸಂದರ್ಭ ಇದು, ಅದೂ ಆಕಸ್ಮಿಕವಾಗಿ.

‘ಮಳೆ ಬಂದರೆ ಸಾಕು, ಇಡೀ ಮನೆ ಟ್ರಿಪ್’

ಇದು ಆರ್‌ಸಿಸಿಬಿಯ ಕೆಲಸ. ಫೇಸ್‌ನಲ್ಲಿ ಹೋದದ್ದು, ನ್ಯೂಟ್ರಲ್‌ನಲ್ಲಿ ಬಂದದ್ದು ಎರಡನ್ನೂ ಅಂಗಡಿ ಶೆಟ್ಟರ ಹಾಗೆ ತಾಳೆ ನೋಡುತ್ತ ಕೂತಿರುವುದೇ ಅದರ ಕಸುಬು. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು. 15 ಮಿಲಿ ಆಂಪಿಯರ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, 30ಕ್ಕೆ ಬೀಳಲೇಬೇಕು.

ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದಕ್ಕೆ ಬಿತ್ತೋ ಆ ಸಾಲಿನ ಪ್ಲಗ್‌ಗಳನ್ನು ಕಿತ್ತು ಮತ್ತೆ ನೋಡಿ. ಮೊದಲ ಅನುಮಾನ ಗೀಸರ್ ಮೇಲೆ. ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸಿಗೆ ಎಲಿಮೆಂಟಿನ ಮೇಲೆ ಸುಣ್ಣ ಕಟ್ಟಿ ಹೊರಕವಚ ಬಿರುಕು ಬಿಡುತ್ತದೆ. ಆಮೇಲೆ ಸಂಪಿನ ಮೋಟಾರ್, ಹಳೆಯ ಫ್ರಿಜ್. ಮಲೆನಾಡಿನಲ್ಲಿ ಜೂನ್ ಬಂತೆಂದರೆ ಹೊರಗೋಡೆಯ ಸ್ವಿಚ್ ಬೋರ್ಡ್, ಗೇಟಿನ ದೀಪ.

ಒಂದು ಸಾಲಿನ ಎಂಸಿಬಿ ಇಳಿಸಿದ್ದರೂ ಆ ಸಾಲಿನ ದೋಷಕ್ಕೇ ಆರ್‌ಸಿಸಿಬಿ ಬೀಳುವುದುಂಟು. ಮನೆಗಳಲ್ಲಿ ಹಾಕುವ ಒಂಟಿ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಆ ಸಾಲಿನ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದ್ದರೆ ಬೇರೆ ರೂಮಿನ ಕರೆಂಟಿನ ಒಂದು ಪಾಲು ಅಲ್ಲಿಂದ ಮಣ್ಣಿಗೆ ಇಳಿಯುತ್ತದೆ, ಲೆಕ್ಕ ತಪ್ಪುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದಂತೆ ಟ್ರಿಪ್ ಆಗುತ್ತಿದ್ದರೆ ಇದೇ ಇರಬಹುದು. ಎಲೆಕ್ಟ್ರಿಷಿಯನ್ ಮೆಗ್ಗರ್ ತಂದು 500 ವೋಲ್ಟಿನಲ್ಲಿ ಇನ್ಸುಲೇಶನ್ ಅಳೆಯಬೇಕು, ಕನಿಷ್ಠ 1 ಮೆಗಾ ಓಂ ಬರಬೇಕು. ಅಳೆಯುವ ಮೊದಲು ಟಿವಿ, ಕಂಪ್ಯೂಟರ್ ಎಲ್ಲದರ ಪ್ಲಗ್ ಕಿತ್ತಿರಬೇಕು.

ಕಾಟ ತಾಳಲಾರದೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿಕೊಳ್ಳುವವರಿದ್ದಾರೆ. ಅದು ನಿಲ್ಲಿಸುತ್ತಿದ್ದದ್ದು ಸ್ನಾನದ ಮನೆಯಲ್ಲಿ ಒದ್ದೆ ಮೈಯಲ್ಲಿ ನಿಂತವರಿಗೆ ಹೋಗಬಹುದಾಗಿದ್ದ ಕರೆಂಟನ್ನು. ಇದ್ದರೂ ಅದಕ್ಕೊಂದು ಮಿತಿ ಇದೆ: ಒಂದು ಕೈ ಫೇಸ್‌ಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ನೀವೂ ಒಂದು ಬಲ್ಬೇ, ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ.

‘ಮುಟ್ಟಿದರೆ ಜುಂ ಅನ್ನುತ್ತೆ’

ಲ್ಯಾಪ್‌ಟಾಪಿನ ಲೋಹದ ಮೈ, ಟಿವಿಯ ಹಿಂಭಾಗ ಬೆರಳಿಗೆ ಜುಂ ಎನ್ನುವುದು ಸಾಮಾನ್ಯವಾಗಿ ಅದರ ಪವರ್ ಸಪ್ಲೈಯಲ್ಲಿರುವ ಪುಟ್ಟ ಕೆಪಾಸಿಟರುಗಳಿಂದ. ಅರ್ಥ್ ಸಿಗದಾಗ ಮೈ ಮೇಲೆ 230ರ ಅರ್ಧದಷ್ಟು ವೋಲ್ಟೇಜ್ ಬರುತ್ತದೆ, ಆದರೆ ಹರಿಯುವ ಕರೆಂಟ್ ಅತಿ ಕಡಿಮೆ. ಫ್ರಿಜ್, ವಾಷಿಂಗ್ ಮಷಿನ್, ಗೀಸರ್ ಹಾಗೆ ಮಾಡಿದರೆ ಪ್ಲಗ್ ಕಿತ್ತುಬಿಡಿ. ನಲ್ಲಿ ಮುಟ್ಟಿದರೆ ಹೊಡೆಯುತ್ತದೆ ಎಂದರೆ ಮೇನ್ ಆಫ್ ಮಾಡಿ, ದೋಷ ಸಿಗುವತನಕ ಆ ಮನೆಯಲ್ಲಿ ಯಾರೂ ಸ್ನಾನ ಮಾಡುವುದು ಬೇಡ.

ಎಲ್ಲಕ್ಕೂ ಬುಡ ಅರ್ಥಿಂಗ್. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230 ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೂವತ್ತು ನಲವತ್ತು ಬಂದರೆ ಅರ್ಥ್ ಕಡಿದಿದೆ, ಇಲ್ಲವೇ ನ್ಯೂಟ್ರಲ್ ಸರಿಯಿಲ್ಲ. ಗೀಸರ್ ಓಡುತ್ತಿರುವಾಗಲೂ ಅದು ಅಚ್ಚುಕಟ್ಟಾಗಿ ಸೊನ್ನೆಯೇ ತೋರಿಸಿದರೆ ಖುಷಿಪಡಬೇಡಿ. ಯಾರೋ ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಮೂರನೇ ಪಿನ್ನಿಗೆ ಒಂದು ತುಂಡು ವೈರ್ ಕೊಟ್ಟು ‘ಅರ್ಥ್’ ಮಾಡಿರುವ ಸಾಧ್ಯತೆ ಇದೆ. ನ್ಯೂಟ್ರಲ್ ಕಡಿದ ದಿನ ಆ ಯಂತ್ರದ ಇಡೀ ಮೈ ಫೇಸ್ ಆಗುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಯ ಮಣ್ಣು ಒಣಗಿ ಹಿಡಿತ ತಪ್ಪುತ್ತದೆ, ಆಗಾಗ ಎರಡು ಕೊಡ ನೀರು ಹಾಕುವ ಹಳೆಯ ಅಭ್ಯಾಸ ಸರಿಯಾದದ್ದೇ. ಅಳೆದು ಪಕ್ಕಾ ಮಾಡಲು ಅರ್ಥ್ ಟೆಸ್ಟರ್ ಇರುವವರೇ ಬೇಕು, ಸಾಧಾರಣ ಮಲ್ಟಿಮೀಟರ್ ಸಾಲದು.

‘ಫ್ಯಾನ್ ನಿಧಾನ’

ಎಲ್ಲ ಫ್ಯಾನೂ ನಿಧಾನವಾಗಿದ್ದರೆ ವೋಲ್ಟೇಜ್ ಕಡಿಮೆ. ಒಂದೇ ಆದರೆ ಆಫ್ ಮಾಡಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಬೇರಿಂಗ್. ಸಲೀಸಾಗಿ ತಿರುಗುತ್ತದೆ, ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ಏಳುವುದಿಲ್ಲ ಎಂದರೆ ಕೆಪಾಸಿಟರ್. 2.5 ಅಥವಾ 3.15 ಮೈಕ್ರೋ ಫ್ಯಾರಡ್ ಎಂದು ಹಳೆಯದರ ಮೇಲೆ ಬರೆದಿರುತ್ತದೆ, ಅದನ್ನೇ ತನ್ನಿ. ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಸದ್ದೂ ಇಲ್ಲದಿದ್ದರೆ ರೆಗ್ಯುಲೇಟರ್, ಇಲ್ಲವೇ ವೈಂಡಿಂಗ್.

‘ಒಂದು ಬಲ್ಬ್ ಜಾಸ್ತಿ ಉರಿಯುತ್ತೆ, ಇನ್ನೊಂದು ಮಂಕು’

ಇಲ್ಲಿ ಪರೀಕ್ಷೆ ಬೇಡ. ಓಡಿ ಹೋಗಿ ಮೇನ್ ಆಫ್ ಮಾಡಿ, ಆಮೇಲೆ ಮಿಕ್ಕಿದ್ದು. ಕಂಬದ ಮೇಲೆ ಅಥವಾ ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರಿನ) ಹತ್ತಿರ ನ್ಯೂಟ್ರಲ್ ಕಡಿದಾಗ ಹೀಗಾಗುತ್ತದೆ. ಬೀದಿಗೆ ಮೂರು ಫೇಸ್ ಬರುತ್ತವೆ, ಒಂದೊಂದು ಮನೆಗೆ ಒಂದೊಂದು. ಮೂರೂ ಫೇಸ್ ತೆಗೆದುಕೊಂಡ ಮನೆಯಲ್ಲಿ ಒಂದೊಂದು ರೂಮಿಗೆ ಒಂದೊಂದು. ಎರಡು ಫೇಸ್ ನಡುವಿನ ವೋಲ್ಟೇಜ್ 400. ನ್ಯೂಟ್ರಲ್ ಹೋದರೆ ಆ 400 ವೋಲ್ಟಿಗೆ ಎರಡು ಮನೆಗಳು ಒಂದರ ಹಿಂದೊಂದು ಸೇರಿದಂತಾಗುತ್ತದೆ. ಹೆಚ್ಚು ಲೋಡ್ ಹಾಕಿದವರ ಮನೆಯಲ್ಲಿ ದೀಪ ಮಂಕು, ಒಂದು ಟಿವಿ ಒಂದು ಬಲ್ಬ್ ಹಾಕಿಕೊಂಡವರ ಮನೆಗೆ 300 ವೋಲ್ಟಿಗೂ ಮೀರಿ. ಟಿವಿ, ಫ್ರಿಜ್, ಮೋಡೆಮ್ ಎಲ್ಲ ಒಟ್ಟಿಗೆ ಸುಟ್ಟವು ಎಂಬ ಸುದ್ದಿ ಬೀದಿಯಿಂದ ಬಂದರೆ ಕಾರಣ ಬಹುತೇಕ ಇದೇ. ನಮ್ಮಲ್ಲಿ 207ರಿಂದ 253 ವೋಲ್ಟಿನವರೆಗೆ ಸಹಜ ಏರಿಳಿತ. ಅದರಾಚೆ ಹೋದರೆ ಕಡಿದುಬಿಡುವ ರಕ್ಷಣಾ ಸಾಧನವನ್ನು ಮೇನ್‌ನಲ್ಲಿ ಹಾಕಿಸಿಕೊಳ್ಳಬಹುದು. ಗಾಳಿ ಮಳೆಗೆ ಮರ ಬೀಳುವ ಊರುಗಳಲ್ಲಿ ಅದು ದುಡ್ಡಿಗೆ ತಕ್ಕ ಖರ್ಚು.

ಯಾರನ್ನು ಕರೆಯುವುದು, ಏನು ಹೇಳುವುದು

ಮೀಟರ್‌ವರೆಗಿನ ದೋಷಕ್ಕೆ 1912. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೈಯಲ್ಲಿಟ್ಟುಕೊಳ್ಳಿ. ‘ಕರೆಂಟ್ ಇಲ್ಲ’ ಎನ್ನುವ ಬದಲು ‘ನಮ್ಮದು ಮತ್ತು ಎದುರು ಮನೆಯದು ಹೋಗಿದೆ, ಪಕ್ಕದವರದ್ದು ಇದೆ’ ಅಥವಾ ‘ವೋಲ್ಟೇಜ್ ಏರುತ್ತಿದೆ, ನ್ಯೂಟ್ರಲ್ ಹೋದಂತಿದೆ’ ಎನ್ನಿ. ತಂತಿ ನೆಲಕ್ಕೆ ಬಿದ್ದಿದ್ದರೆ ಅದನ್ನೇ ಮೊದಲು ಹೇಳಿ, ಹತ್ತಿರ ಯಾರೂ ದನಕರುವೂ ಹೋಗದಂತೆ ನೋಡಿಕೊಳ್ಳಿ.

ಮನೆಯೊಳಗಿನದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಅವರಿಗೂ ಲಕ್ಷಣವನ್ನೇ ಹೇಳಿ: ಯಾವಾಗಿನಿಂದ, ಯಾವ ಸ್ವಿಚ್ ಹಾಕಿದಾಗ, ತಕ್ಷಣವೋ ಹೊತ್ತು ಹೋದ ಮೇಲೋ, ಮಳೆಯಲ್ಲಿ ಮಾತ್ರವೋ. ‘ಆ ಸ್ವಿಚ್ ಬದಲಿಸಿ’ ಎಂದು ಹೇಳಿ ಕರೆದರೆ ಅವರು ಸ್ವಿಚ್ ಬದಲಿಸಿ ಹೋಗುತ್ತಾರೆ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಮೇನ್ ಆಫ್ ಮಾಡಿ. ಮೇನ್ ದೂರವಿದ್ದರೆ ಒಣ ಕೋಲಿನಿಂದ ವೈರ್ ಸರಿಸಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವತನಕ ಎದೆಯ ನಡುವೆ ಎರಡು ಕೈಯಿಂದ ಜೋರಾಗಿ, ಬೇಗ ಬೇಗ ಒತ್ತುತ್ತಿರಿ. ಚೇತರಿಸಿಕೊಂಡು ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಬೇಕು, ಹೃದಯದ ಬಡಿತ ಗಂಟೆಗಳ ನಂತರವೂ ತಪ್ಪಬಹುದು. ಬೋರ್ಡಿನಲ್ಲಿ ಬೆಂಕಿ ಕಂಡರೆ ನೀರು ಎರಚಬೇಡಿ. ಮೇನ್‌ಗೆ ಕೈ ಎಟುಕಿದರೆ ಆಫ್ ಮಾಡಿ, ಎಟುಕದಿದ್ದರೆ ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ.